ಸೈಕಲ್ ಮೋಟಾರ್ ಕಿಟ್: 250 ವಾಟ್ ಗೆರೆ ದಾಟಿದರೆ ವಿಮೆಯಿಲ್ಲದ ವಾಹನ

ಮಾನ್ಯ ಸಂಪಾದಕರೇ,

ಮನೆಯಲ್ಲಿರುವ ಸೈಕಲ್ಲಿಗೆ ಮೋಟಾರ್ ಕಿಟ್ ಕೂರಿಸಿಕೊಳ್ಳುವ ಆಸೆ ಕೊಡಗಿನಲ್ಲಿ ಈಗ ಅನೇಕರಿಗಿದೆ. ತೋಟದಿಂದ ಪೇಟೆಗೆ ಬರಬೇಕಾದವರಿಗೆ, ಏರು ತುಳಿದು ಸುಸ್ತಾಗುವ ವಯಸ್ಸಿನವರಿಗೆ ಅದು ನಿಜಕ್ಕೂ ಉಪಕಾರಿ. ಆದರೆ ಆನ್‌ಲೈನ್ ಜಾಹೀರಾತುಗಳಲ್ಲಿ 350, 500, 1000 ವಾಟ್ ಕಿಟ್‌ಗಳ ಕೆಳಗೂ ‘ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸ್ ಬೇಡ’ ಎಂಬ ಸಾಲು ಕಾಣುತ್ತದೆ. ಅದನ್ನು ನಂಬಿ ದುಡ್ಡು ಕೊಡುವ ಮೊದಲು ಓದುಗರು ತಿಳಿದಿರಬೇಕಾದದ್ದನ್ನು ಬರೆಯುತ್ತಿದ್ದೇವೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 2(ಯು) ಪ್ರಕಾರ ಬ್ಯಾಟರಿ ಗಾಡಿಯೊಂದು ‘ಮೋಟಾರು ವಾಹನ’ ಅಲ್ಲ ಎನಿಸಿಕೊಳ್ಳಬೇಕಾದರೆ ಮೋಟಾರಿನ 30 ನಿಮಿಷದ ಶಕ್ತಿ, ಅಂದರೆ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ, 250 ವಾಟ್‌ಗಿಂತ ಕಡಿಮೆ ಇರಬೇಕು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಪೆಡಲ್‌ಗೆ ನೆರವಾಗುವ ಮೋಟಾರಾದರೆ ವೇಗ ಏರಿದಂತೆ ಅದರ ಬಲ ಇಳಿಯುತ್ತಾ ಬಂದು 25 ಮುಟ್ಟಿದಾಗ, ಅಥವಾ ಸವಾರ ತುಳಿಯುವುದನ್ನು ನಿಲ್ಲಿಸಿದಾಗ ನಿಂತೇಹೋಗಬೇಕು. ಸರಿಯಾದ ಬ್ರೇಕ್, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕು. ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು. ಇಷ್ಟನ್ನೂ ನಿಯಮ 126ರಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಗಳಲ್ಲೊಂದು, ಉದಾಹರಣೆಗೆ ಪುಣೆಯ ಎಆರ್‌ಎಐ, ಪರಿಶೀಲಿಸಿ ಒಪ್ಪಿರಬೇಕು. ಕಿಟ್ ಮಾರುವವರು ಬಾಯಿಬಿಡದಿರುವುದು ಈ ಕೊನೆಯ ಷರತ್ತಿನ ಬಗ್ಗೆಯೇ. ಮೋಟಾರಿನ ಮೇಲೆ ‘250 ವಾಟ್’ ಎಂದು ಸ್ಟಿಕರ್ ಅಂಟಿಸಿದ ಮಾತ್ರಕ್ಕೆ ಅದು ಪರೀಕ್ಷೆಯ ಫಲಿತಾಂಶವಾಗುವುದಿಲ್ಲ.

ಈ ಗೆರೆ ದಾಟಿದ ಸೈಕಲ್ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ. ಆಗ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 146ರಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವಿಮೆಗೆ ರಿಜಿಸ್ಟ್ರೇಷನ್ ಬೇಕು, ರಿಜಿಸ್ಟ್ರೇಷನ್‌ಗೆ ಆ ಮಾದರಿಗೆ ಒಪ್ಪಿಗೆ ಇರಬೇಕು. ಮನೆಯಂಗಳದಲ್ಲಿ 500 ವಾಟ್ ಮೋಟಾರ್ ಕೂರಿಸಿದ ಸೈಕಲ್ಲಿಗೆ ಇವು ಯಾವುವೂ ಸಿಗುವುದಿಲ್ಲ. ವಿಮೆ ಇಲ್ಲದೆ ರಸ್ತೆಗಿಳಿದರೆ ಸೆಕ್ಷನ್ 196ರಲ್ಲಿ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸಜೆಗೂ ಅವಕಾಶವಿದೆ. ದಂಡ ಸಣ್ಣ ಮಾತು. ಸಂತೆ ದಿನ ಪೇಟೆಯಲ್ಲಿ ಒಬ್ಬ ಪಾದಚಾರಿಗೆ ಗುದ್ದಿ ಅವರ ಸೊಂಟ ಮುರಿದರೆ, ಅಪಘಾತ ಪರಿಹಾರ ನ್ಯಾಯಮಂಡಳಿ ವಿಧಿಸುವ ಹಣವನ್ನು ಕೊಡಲು ವಿಮಾ ಕಂಪನಿ ಇರುವುದಿಲ್ಲ. ಸೈಕಲ್ಲಿನ ಮಾಲೀಕರೇ ಕೈಯಿಂದ ತೆರಬೇಕು, ತೋಟ ಮಾರಿಯಾದರೂ.

ಮಕ್ಕಳಿಗೆ ಇಂಥ ಸೈಕಲ್ ಕೊಡಿಸುವವರು ಸೆಕ್ಷನ್ 199ಎ ಓದಲೇಬೇಕು. ಅಪ್ರಾಪ್ತರು ಮೋಟಾರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ. ಶಾಲೆಗೆ ಹೋಗುವ ಹುಡುಗನ ಸೈಕಲ್ಲಿಗೆ ‘ಇರಲಿ, ಏರು ಇದೆ’ ಎಂದು ದೊಡ್ಡ ಮೋಟಾರ್ ಹಾಕಿಸುವಾಗ ಇದು ಯಾರ ನೆನಪಿಗೂ ಬರುವುದಿಲ್ಲ.

ಏರು ಇದೆ ಎನ್ನುವುದು ನಿಜ. ಆದರೆ ಅದಕ್ಕೆ ಹೆಚ್ಚು ವಾಟ್ ಬೇಕೆಂಬುದು ತಪ್ಪು ಲೆಕ್ಕ. ಸವಾರ, ಸೈಕಲ್, ಚೀಲ ಸೇರಿ 100 ಕೆ.ಜಿ. ಎಂದುಕೊಳ್ಳಿ. ಹತ್ತು ಮೀಟರ್ ದೂರಕ್ಕೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಲು ಚಕ್ರಕ್ಕೆ ಸುಮಾರು 300 ವಾಟ್ ಬೇಕು. ಆರಾಮವಾಗಿ ತುಳಿಯುವ ಮನುಷ್ಯ 75ರಿಂದ 100 ವಾಟ್ ಕೊಡುತ್ತಾನೆ. ಉಳಿದ 200 ಚಿಲ್ಲರೆ ವಾಟ್ ಮೋಟಾರಿನದು. ಅಂದರೆ ಕಾನೂನಿನ ಮಿತಿಯೊಳಗಿನ ಮೋಟಾರ್ ಸಾಕು, ಅದನ್ನು ಸರಿಯಾದ ಸುತ್ತಿನಲ್ಲಿ ತಿರುಗಿಸಿದರೆ.

ಕಿಟ್‌ಗಳಲ್ಲಿ ಹೆಚ್ಚಿನವು ಹಬ್ ಮೋಟಾರ್, ಅಂದರೆ ಚಕ್ರದ ನಡುವೆ ಕೂರುವಂಥವು. 26 ಇಂಚಿನ ಚಕ್ರ ಗಂಟೆಗೆ 25 ಕಿ.ಮೀ. ಹೋಗುವಾಗ ನಿಮಿಷಕ್ಕೆ ಸುಮಾರು 200 ಸುತ್ತು ಸುತ್ತುತ್ತದೆ, ಮೋಟಾರಿನ ಸುರುಳಿಯೂ ಆ ವೇಗಕ್ಕೇ ಹೊಂದಿರುತ್ತದೆ. ಕಡಿದಾದ ಏರಿನಲ್ಲಿ ವೇಗ 8 ಕಿ.ಮೀ.ಗೆ ಇಳಿದರೆ ಸುತ್ತು 64 ಆಗುತ್ತದೆ. ಆಗ ಬ್ಯಾಟರಿಯಿಂದ ಬಂದ ವಿದ್ಯುತ್ತಿನ ದೊಡ್ಡ ಪಾಲು ಚಕ್ರಕ್ಕೆ ಹೋಗದೆ ಸುರುಳಿಯಲ್ಲಿ ಶಾಖವಾಗುತ್ತದೆ. ಗೇರ್ ಇರುವ ಹಬ್ಬಿನ ಒಳಗಿನ ನೈಲಾನ್ ಹಲ್ಲುಗಳು ಮೆತ್ತಗಾಗಿ ಸವೆಯುವುದು ಇಂಥ ಹೊತ್ತಲ್ಲೇ. ಹೊರಗಿನ ಕವಚ ಮುಟ್ಟಿ ‘ತಣ್ಣಗಿದೆ’ ಎಂದು ಸಮಾಧಾನಪಡಬೇಡಿ. ಅದರೊಳಗೆ ಮೋಟಾರಿಗೂ ಕವಚಕ್ಕೂ ನಡುವೆ ಗಾಳಿ ಇರುತ್ತದೆ, ಒಳಗಿನ ಬಿಸಿ ಹೊರಗೆ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಪೆಡಲ್ ಅಚ್ಚಿನ ಜಾಗದಲ್ಲಿ ಕೂರುವ ಮಿಡ್-ಡ್ರೈವ್ ಮೋಟಾರ್ ಸೈಕಲ್ಲಿನ ಗೇರುಗಳ ಮೂಲಕವೇ ತಳ್ಳುತ್ತದೆ. ಮುಂದೆ 38 ಹಲ್ಲು, ಹಿಂದೆ 34 ಹಲ್ಲಿನ ಗೇರ್ ಹಾಕಿದರೆ ಅದೇ 8 ಕಿ.ಮೀ. ವೇಗದಲ್ಲಿ ಪೆಡಲ್ ನಿಮಿಷಕ್ಕೆ 57 ಸುತ್ತು ತಿರುಗುತ್ತದೆ. ಅದು ಕಾಲಿಗೂ ಹಿತ, ಮೋಟಾರಿಗೂ ಹಿತ. ಮಡಿಕೇರಿ ಪೇಟೆಯೊಳಗಿನ ಏರುಗಳಿಗೆ, ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ 8 ಕಿ.ಮೀ. ರಸ್ತೆಗೆ ನಮ್ಮ ಆಯ್ಕೆ ಇದೇ. ಇದರ ತೊಂದರೆ ಚೈನಿನದು. ಮಳೆಗಾಲದ ಕೆಂಪು ಮಣ್ಣು ಎಣ್ಣೆ ಜೊತೆ ಸೇರಿ ಉಜ್ಜುಕಲ್ಲಿನಂತಾಗುತ್ತದೆ, ಅದರ ಮೇಲೆ ಮೋಟಾರಿನ ಎಳೆತ. ಚೈನ್ ಸವೆದು ಎಷ್ಟು ಉದ್ದವಾಗಿದೆ ಎಂದು ಹೇಳುವ ಅಳತೆಪಟ್ಟಿ ಶೇಕಡಾ 0.75 ತೋರಿಸಿದ ದಿನವೇ ಚೈನ್ ಬದಲಿಸದಿದ್ದರೆ ಹಿಂದಿನ ಗೇರ್ ಗುಚ್ಛವನ್ನೂ ಕೊಳ್ಳಬೇಕಾಗುತ್ತದೆ. ಕುಶಾಲನಗರದ ಸಮತಟ್ಟಿನಲ್ಲಷ್ಟೇ ಓಡಾಡುವವರಿಗೆ ಗೇರ್ ಇರುವ ಹಬ್ ಮೋಟಾರ್ ಧಾರಾಳ ಸಾಕು. ಗೇರ್ ಇಲ್ಲದ ಭಾರದ ಹಬ್ ಮೋಟಾರನ್ನು ಕೊಡಗಿಗೆ ತರಲೇಬಾರದು.

ಇನ್ನು ವೇಗದ ಮಿತಿ. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಪೆಟ್ಟಿಗೆಯೇ ಕಂಟ್ರೋಲರ್. ಅಗ್ಗದ ಕಂಟ್ರೋಲರ್‌ಗಳಲ್ಲಿ ಎರಡು ಬಿಳಿ ತಂತಿಗಳನ್ನು ಒಂದಕ್ಕೊಂದು ಸಿಕ್ಕಿಸಿದ ಕೊಂಡಿಯೊಂದಿರುತ್ತದೆ. ಸಿಕ್ಕಿಸಿದ್ದರೆ ವೇಗಕ್ಕೆ ಮಿತಿ, ಬಿಚ್ಚಿದರೆ ಮಿತಿಯಿಲ್ಲ. ‘ಇದೊಂದು ತೆಗೆದುಬಿಡಿ, ಚೆನ್ನಾಗಿ ಓಡುತ್ತೆ’ ಎಂದು ಹೇಳಿಕೊಡುವವರಿದ್ದಾರೆ. ಆ ಕೊಂಡಿ ಬಿಚ್ಚಿದ ಕ್ಷಣ ಸೈಕಲ್ ವಿಮೆಯಿಲ್ಲದ ಮೋಟಾರು ವಾಹನವಾಗುತ್ತದೆ. ಗೊತ್ತಿಲ್ಲದೆಯೂ ಮಿತಿ ದಾಟಬಹುದು. ಡಿಸ್‌ಪ್ಲೇಯಲ್ಲಿ ಚಕ್ರದ ಅಳತೆ 20 ಇಂಚು ಎಂದಿದ್ದು ಸೈಕಲ್ಲಿನದು 26 ಇಂಚಾದರೆ, ಪರದೆಯಲ್ಲಿ 25 ಕಾಣುವಾಗ ನಿಜವಾದ ವೇಗ 32ರ ಮೇಲಿರುತ್ತದೆ. ಕೂರಿಸಿದ ದಿನ ಸಮತಟ್ಟು ರಸ್ತೆಯಲ್ಲಿ ಮೊಬೈಲ್ ಜಿಪಿಎಸ್ ಜೊತೆ ಹೋಲಿಸಿ ನೋಡಿ.

ಕಂಟ್ರೋಲರ್ ಮೇಲಿನ ಆಂಪ್ ಅಂಕಿಯನ್ನೂ ಓದಿ. 36 ವೋಲ್ಟ್ ಬ್ಯಾಟರಿಗೆ 15 ಆಂಪ್ ಕಂಟ್ರೋಲರ್ ಎಂದರೆ ಎಳೆಯುವ ವಿದ್ಯುತ್ 540 ವಾಟ್. ನಿಯಮ ನೋಡುವುದು 30 ನಿಮಿಷ ತಾಳಿಕೊಳ್ಳುವ ಶಕ್ತಿಯನ್ನು, ಒಂದು ನಿಮಿಷದ ಎಳೆತವನ್ನಲ್ಲ, ಆದ್ದರಿಂದ ಇಷ್ಟರಿಂದಲೇ ಅದು ಅಕ್ರಮವಾಗದು. ಆದರೆ ಪರೀಕ್ಷಾ ಪತ್ರವಿಲ್ಲದ ಮೋಟಾರಿಗೆ ಇಂಥ ಕಂಟ್ರೋಲರ್ ಸೇರಿಸಿಕೊಂಡು ‘ನಂದು 250 ವಾಟ್ ಒಳಗೇ ಇದೆ’ ಎಂದು ಸಾಬೀತು ಮಾಡುವುದು ಕಷ್ಟ.

ಕೊಳ್ಳುವ ಮೊದಲು ಟೇಪ್ ಹಿಡಿಯಿರಿ. ಮುಂದಿನ ಹಬ್ ಮೋಟಾರಿಗೆ ಫೋರ್ಕಿನ ಒಳ ಅಗಲ 100 ಎಂ.ಎಂ., ಹಿಂದಿನದಕ್ಕೆ ಸಾಮಾನ್ಯವಾಗಿ 135 ಎಂ.ಎಂ. ಬೇಕು. ಹಳೆಯ ಕಪ್ಪು ಸೈಕಲ್ಲುಗಳ ಅಗಲ ಇದಕ್ಕಿಂತ ಕಡಿಮೆ. ಬಲವಂತವಾಗಿ ಅಗಲಿಸಿದ ಫೋರ್ಕ್ ಇಳಿಜಾರಿನಲ್ಲಿ ಬಿರಿಯಬಹುದು. ಮೋಟಾರಿನ ಅಚ್ಚು ತಿರುಗದಂತೆ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಹಾಕಲೇಬೇಕು. ಇಲ್ಲದಿದ್ದರೆ ಅಚ್ಚು ತನ್ನ ಗೂಡಿನಲ್ಲೇ ತಿರುಗಿ ತಂತಿಯನ್ನು ಹಿಂಡಿ ಕತ್ತರಿಸುತ್ತದೆ, ಚಕ್ರವೂ ಕಳಚಬಹುದು. ಅಲ್ಯೂಮಿನಿಯಂ ಫೋರ್ಕಿಗೆ ಮುಂದಿನ ಮೋಟಾರ್ ಬೇಡವೇ ಬೇಡ.

ಬ್ಯಾಟರಿಯಲ್ಲಿ ಜೀವಕ್ಕೆ ಅಪಾಯ ತರುವ ತಪ್ಪು ಚಾರ್ಜರಿನದು. ಸಾಮಾನ್ಯ ಲಿಥಿಯಂ ಅಯಾನ್ 36 ವೋಲ್ಟ್ ಬ್ಯಾಟರಿಯಲ್ಲಿ ಸಾಲಾಗಿ 10 ಸೆಲ್, ಪೂರ್ತಿ ತುಂಬಿದಾಗ 42 ವೋಲ್ಟ್. ಲಿಥಿಯಂ ಐರನ್ ಫಾಸ್ಫೇಟ್ ಆದರೆ 12 ಸೆಲ್, 43.8 ವೋಲ್ಟ್. ಎರಡರ ಚಾರ್ಜರಿನ ಪಿನ್ ಒಂದೇ ಥರ ಇರಬಹುದು. 43.8ರ ಚಾರ್ಜರನ್ನು ಮೊದಲನೆಯದಕ್ಕೆ ಸಿಕ್ಕಿಸಿದರೆ ಪ್ರತಿ ಸೆಲ್ಲಿಗೆ 4.2ರ ಬದಲು 4.38 ವೋಲ್ಟ್ ಹೋಗುತ್ತದೆ. ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ (ಬಿಎಂಎಸ್) ಅದನ್ನು ತಡೆಯಬೇಕು, ಅದೂ ಕೈಕೊಟ್ಟರೆ ಬೆಂಕಿ. ಚಾರ್ಜರ್ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ವೋಲ್ಟೇಜ್ ಬರೆದಿಡಿ. ಕಾಫಿ ಮೂಟೆಗಳ ಪಕ್ಕ, ಮರದ ಅಟ್ಟದ ಕೆಳಗೆ ಚಾರ್ಜಿಗಿಡಬೇಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. 36 ವೋಲ್ಟ್ 10 ಆಂಪ್-ಅವರ್ ಬ್ಯಾಟರಿಯಲ್ಲಿರುವುದು 360 ವಾಟ್-ಅವರ್, ಪ್ರತಿ 100 ಮೀಟರ್ ಎತ್ತರ ಏರಲು ಅದರಲ್ಲಿ ಸುಮಾರು 40 ಖರ್ಚಾಗುತ್ತದೆ. ಕುಶಾಲನಗರದಲ್ಲಿ ಪೂರ್ತಿ ತುಂಬಿಸಿಕೊಂಡು ಪೆಡಲ್ ತುಳಿಯದೆ ಹೊರಟರೆ ಮಡಿಕೇರಿ ಮುಟ್ಟುವಾಗ ಅದು ಬಹುಪಾಲು ಬರಿದಾಗಿರುತ್ತದೆ. ಜಾಹೀರಾತಿನ 50 ಕಿ.ಮೀ. ನಮ್ಮ ರಸ್ತೆಗಲ್ಲ.

ಮಳೆಗಾಲದಲ್ಲಿ ನೀರು ಮೋಟಾರಿನೊಳಗೆ ಇಳಿಯುವುದು ತಂತಿಯ ಗುಂಟ. ತಂತಿ ಅಚ್ಚಿನೊಳಗೆ ಹೋಗುವ ಮೊದಲು ಅಚ್ಚಿಗಿಂತ ಕೆಳಗೆ ಒಂದು ಬಳುಕು ಕೊಟ್ಟು ಕಟ್ಟಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕನೆಕ್ಟರುಗಳ ಬಾಯಿ ಕೆಳಮುಖವಾಗಿರಲಿ. ಹೊರಡುವಾಗ ಮೋಟಾರ್ ಗಡಗಡ ನಡುಗಿ ಎಳೆಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮೋಟಾರ್ ಎಷ್ಟು ತಿರುಗಿದೆ ಎಂದು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರನ್ನು. ಸೆನ್ಸರ್ ಪ್ಲಗ್ಗಿನ ಕೆಂಪು–ಕಪ್ಪು ನಡುವೆ 5 ವೋಲ್ಟ್ ಇದೆಯೇ, ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದಾಗ ಉಳಿದ ಮೂರು ತಂತಿಗಳೂ ಸೊನ್ನೆ ಮತ್ತು ಸುಮಾರು 5 ವೋಲ್ಟ್ ನಡುವೆ ಬದಲಾಗುತ್ತವೆಯೇ ನೋಡಿ. ಬಹಳ ಸಲ ಸೆನ್ಸರ್ ಸರಿಯಿದ್ದು ಪ್ಲಗ್ಗಿನ ಪಿನ್ನೇ ಹಸಿರು ಕಿಲುಬು ಹಿಡಿದಿರುತ್ತದೆ.

ಮೋಟಾರಿನ ಬಗ್ಗೆ ಇಷ್ಟು ಕೇಳುವವರು ಬ್ರೇಕಿನ ಬಗ್ಗೆ ಕೇಳುವುದಿಲ್ಲ. ಮಡಿಕೇರಿಯಿಂದ ಸಂಪಾಜೆ ಕಡೆ ಘಾಟಿ ಇಳಿಯುವಾಗ ಏರುವಾಗ ಗಳಿಸಿದ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಗೇರ್ ಇರುವ ಹಬ್ ಮೋಟಾರ್ ಇಳಿಜಾರಿನಲ್ಲಿ ಹಿಡಿಯುವುದಿಲ್ಲ, ಬ್ಯಾಟರಿಯನ್ನೂ ತುಂಬುವುದಿಲ್ಲ. ಒದ್ದೆ ರಿಮ್ಮಿಗೆ ರಬ್ಬರ್ ಬ್ರೇಕ್ ಸಾಲದು, 160 ಎಂ.ಎಂ. ಅಥವಾ 180ರ ಡಿಸ್ಕ್ ಬೇಕು. ಲಿವರ್ ಹಿಡಿದೊಡನೆ ಮೋಟಾರ್ ನಿಲ್ಲಿಸುವ ಸ್ವಿಚ್ ಎರಡೂ ಕಡೆ ಇರಲಿ. ಸದ್ದಿಲ್ಲದ ಸೈಕಲ್ಲಿನಲ್ಲಿ ಮುಸ್ಸಂಜೆ ಹೊತ್ತು ತೋಟದ ರಸ್ತೆಯ ತಿರುವಿನಲ್ಲಿ ಆನೆಯ ಎದುರಿಗೇ ಹೋಗಿ ನಿಲ್ಲುವ ಅಪಾಯವೂ ಇದೆ. ಬೆಳಕು, ಬೆಲ್ ಎರಡೂ ಗಟ್ಟಿಯಾಗಿರಲಿ.

ಹಳೆಯ ಕೆಎ-12, ಅಂದರೆ ಕೊಡಗಿನ ನೋಂದಣಿಯ, ಪೆಟ್ರೋಲ್ ಸ್ಕೂಟರಿಗೆ ವಿದ್ಯುತ್ ಕಿಟ್ ಹಾಕಿಸುವವರ ದಾರಿ ಬೇರೆ. ಆ ಮಾದರಿಗೆ ಒಪ್ಪಿಗೆ ಪಡೆದ ಕಿಟ್ ಆಗಿರಬೇಕು, ಆರ್‌ಟಿಒ ತಪಾಸಣೆ ಆಗಿ ಆರ್‌ಸಿಯಲ್ಲಿ ಇಂಧನ ‘ಎಲೆಕ್ಟ್ರಿಕ್’ ಎಂದು ಬದಲಾಗಬೇಕು, ಆಮೇಲೆ ಆ ಕಿಟ್‌ನ ಮೋಟಾರಿನ ಕಿಲೋವಾಟ್ ಅಂಕಿಯನ್ನು ವಿಮಾ ಕಂಪನಿಗೆ ಕೊಟ್ಟು ಪಾಲಿಸಿ ತಿದ್ದಿಸಬೇಕು. 2022ರ ಜೂನ್ 1ರಿಂದ ಬಂದ ದರದಂತೆ ವಿದ್ಯುತ್ ದ್ವಿಚಕ್ರ ವಾಹನದ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ ತೆರಿಗೆ ಬಿಟ್ಟು 3 ಕಿಲೋವಾಟ್‌ವರೆಗೆ 457, 3ರಿಂದ 7ರವರೆಗೆ 607 ರೂಪಾಯಿ. 150 ರೂಪಾಯಿ ಉಳಿಸಲು ಕಡಿಮೆ ಅಂಕಿ ಬರೆಸುವುದು ಏನಕ್ಕೂ ಸಾಲದ ಉಳಿತಾಯ. ಒಪ್ಪಿಗೆಯಿಲ್ಲದ ಮಾರ್ಪಾಡಿಗೆ ಸೆಕ್ಷನ್ 182ಎ ಪ್ರಕಾರ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಇದೆ.

ಅಂಗಡಿಯವರಲ್ಲಿ ನಮ್ಮ ಬೇಡಿಕೆ ಒಂದೇ: ಕಿಟ್ ಬಿಲ್ಲಿನಲ್ಲಿ 30 ನಿಮಿಷದ ಶಕ್ತಿ, ನಿಗದಿ ಮಾಡಿದ ಗರಿಷ್ಠ ವೇಗ, ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಸಂಖ್ಯೆ, ಈ ಮೂರನ್ನೂ ಬರೆದು ಸಹಿ ಹಾಕಿ ಕೊಡಿ, ಪ್ರಮಾಣಪತ್ರದ ಪ್ರತಿಯನ್ನೂ ಸೇರಿಸಿ. ಪ್ರತಿಯಲ್ಲಿರುವ ಮಾದರಿ ಸಂಖ್ಯೆಯೂ ಮೋಟಾರಿನ ಮೇಲಿನದೂ ಒಂದೇ ಆಗಿದೆಯೇ ಎಂದು ಕೊಳ್ಳುವವರು ಅಲ್ಲೇ ನಿಂತು ಹೋಲಿಸಲಿ. ಮೋಟಾರಿನ ಸ್ಟಿಕರ್ ಕೊಡಗಿನ ಒಂದು ಮಳೆಗಾಲಕ್ಕೇ ಅಳಿಸಿಹೋಗುತ್ತದೆ. ಚಕ್ರಕ್ಕೆ ಕೂರಿಸುವ ಮೊದಲೇ ಸೀರಿಯಲ್ ನಂಬರ್ ಕಾಣುವಂತೆ ಫೋಟೊ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ.

ಇಂತಿ,
ಸೈಕಲ್ ಮತ್ತು ವಿದ್ಯುತ್ ವಾಹನ ರಿಪೇರಿ ಕೆಲಸಗಾರರು
ಮಡಿಕೇರಿ