ಬಿದ್ದ ಕಂಬ

ಪ್ರೀತಿಯ ಪುಟ್ಟಿ,

ಕೆನಡಾದ ಅಲರ್ಟ್ ಬೇ ಊರಿನ ಸ್ಮಶಾನದ ಹುಲ್ಲಿನಲ್ಲಿ ಬಿದ್ದಿದ್ದ ಕೆತ್ತನೆಯ ಟೋಟೆಮ್ ಕಂಬ ನೋಡಿ, ‘ನಮ್ಮ ಮನೆ ಕತೆಯೂ ಹೀಗೇ ಕೊಳೆತುಹೋಗುತ್ತಾ ದೊಡ್ಡಪ್ಪ?’ ಅಂತ ಬರೆದೆಯಲ್ಲ. ಎರಡು ದಿನದಿಂದ ಅದೊಂದೇ ಸಾಲು ಕೊರೆಯುತ್ತಿದೆ.

ಆ ಕಂಬವನ್ನು ಯಾರೂ ಎತ್ತಿ ನಿಲ್ಲಿಸುವುದಿಲ್ಲ. ಅಸಡ್ಡೆ ಅಂದುಕೊಳ್ಳಬೇಡ. ಬಿದ್ದದ್ದು ಮಣ್ಣಿಗೆ ಅನ್ನುವುದು ಅಲ್ಲಿಯ ನಮ್ಗಿಸ್ ಜನರ ರೂಢಿ. ನಮ್ಗಿಸರೂ ಸೇರಿದ ಕ್ವಾಕ್ವಕವಕ್ಕ ಮೂಲನಿವಾಸಿಗಳು ಕಂಬಕ್ಕೆ ಪೂಜೆ ಮಾಡುವುದಿಲ್ಲ. ಅದರ ಮೇಲಿನ ಗುಡುಗುಹಕ್ಕಿ, ಎರಡು ತಲೆಯ ಸಿಸಿಯುಟ್ಲ್ ಹಾವು, ಎಲ್ಲ ಒಂದೊಂದು ಮನೆತನದ ಹಕ್ಕು. ಸುಮ್ನೆ ಚೆಂದ ಅಂತ ಬೇರೆಯವರು ಕೆತ್ತಿಸಿಕೊಳ್ಳುವ ಹಾಗಿಲ್ಲ. ಆ ಹಕ್ಕು ಗಟ್ಟಿಯಾಗುವುದು ಪಾಟ್‌ಲ್ಯಾಚ್‌ನಲ್ಲಿ. ನೆಂಟರನ್ನು ಕರೆದು, ಕತೆ ಹೇಳಿ, ಉಣ್ಣಿಸಿ, ಉಡುಗೊರೆ ಕೊಡುತ್ತಾರೆ. ತೆಗೆದುಕೊಂಡವರೇ ಸಾಕ್ಷಿ. ನಮ್ಮ ಮದುವೆಮನೆ ಮುಯ್ಯಿ ಉಲ್ಟಾ ಆದ ಹಾಗೆ, ಅಲ್ವಾ?

1885ರಿಂದ 1951ರವರೆಗೆ ಕೆನಡಾ ಸರ್ಕಾರ ಕಾನೂನು ಮಾಡಿ ತಡೆದದ್ದೂ ಈ ಔತಣವನ್ನೇ. ಕತೆ ಎಲ್ಲಿರುತ್ತೆ ಅಂತ ಅವರಿಗೂ ಗೊತ್ತಿತ್ತೇನೋ. 1921ರಲ್ಲಿ ವಿಲೇಜ್ ಐಲೆಂಡ್‌ನಲ್ಲಿ ಪಾಟ್‌ಲ್ಯಾಚ್ ನಡೆದಾಗ ಜನರನ್ನು ಹಿಡಿದರು, ಮುಖವಾಡ ಕಿತ್ತುಕೊಂಡರು. ಆದರೂ ಅದೇ ಜನರ ಕಂಬ ಕೆತ್ತುವ ಮಂಗೋ ಮಾರ್ಟಿನ್, ಎಪ್ಪತ್ತು ದಾಟಿದ ಮುದುಕ, 1953ರಲ್ಲಿ ಇಲ್ಲೇ ವಿಕ್ಟೋರಿಯಾದಲ್ಲಿ ಕಂಬ ನಿಲ್ಲಿಸಿ, ಮನೆ ಕಟ್ಟಿ, ಎಲ್ಲರೆದುರೇ ಪಾಟ್‌ಲ್ಯಾಚ್ ಮಾಡಿದ. ಅಷ್ಟು ವರ್ಷ ಯಾರದೋ ಬಾಯಲ್ಲಿ ಎಲ್ಲ ಉಳಿದಿತ್ತಲ್ಲ.

ಕೊಳೆಯುತ್ತೆ ಅಂತ ಹೆದರುತ್ತೀಯ. ನಾನು ಕೊಳೆಯದ ಹಾಗೆ ನೋಡಿಕೊಂಡೆ, ಕೇಳು. ಊರ ಮನೆ ಮಾರುವಾಗ ತಲೆಬಾಗಿಲಿನ ಫೋಟೊ ತೆಗೆದೆ. ಮೇಲಿನ ಪಟ್ಟಿಯಲ್ಲಿ ಎರಡು ಗಿಳಿ, ಒಂದರ ಕೊಕ್ಕು ಮುರಿದಿತ್ತು. ಹೇಗೆ ಮುರಿಯಿತು ಅಂತ ನಮ್ಮಪ್ಪ ಹೇಳಲು ಶುರು ಮಾಡಿದರು. ಬಸ್ಸಿಗೆ ಹೊತ್ತಾಯಿತು ಅಂದೆ. ಫೋಟೊ ಈಗಲೂ ಚೆನ್ನಾಗಿದೆ.

ನಿನಗೆ ಬುದ್ಧಿ ಹೇಳಲು ನನಗೇನು ಯೋಗ್ಯತೆ. ಕಂಬದಲ್ಲಿ ತುಟಿ ಮುಂದೆ ಚಾಚಿದ ಹೆಂಗಸು ಯಾರು ಅಂತ ಮಗ ಕೇಳಿದನಂತೆ, ನೀನು ಆಮೇಲೆ ಅಂದೆಯಂತೆ. ಅವಳು ಝೂನುಕ್ವಾ. ‘ಹೂ’ ಅಂತ ಕೂಗುತ್ತಾ ಮಕ್ಕಳನ್ನು ಬೆನ್ನಿನ ಬುಟ್ಟಿಗೆ ಹಾಕಿಕೊಂಡು ಹೋಗುವ ಕಾಡಿನವಳು. ಸಿರಿ ಕೊಡುವವಳೂ ಅವಳೇ. ಹೇಳಿಬಿಡು. ಜೊತೆಗೆ ನಿಮ್ಮಜ್ಜಿಯ ಗುಮ್ಮನ ಕತೆಯನ್ನೂ. ಅವನ ಗೆಳೆಯರು ಮನೆಗೆ ಬಂದಾಗ ಹೇಳಿದರೆ ಇನ್ನೂ ಒಳ್ಳೆಯದು, ಒಂದಿಷ್ಟು ಚಕ್ಕುಲಿ ಕೊಟ್ಟು. ಕನ್ನಡ ಅರ್ಧಂಬರ್ಧ ಆದರೂ ಪರವಾಗಿಲ್ಲ.

ಭಾನುವಾರ ಅವನನ್ನು ಕರೆದುಕೊಂಡು ಬಾ. ಗಿಳಿಯ ಫೋಟೊ ಹೊರಗೆ ತೆಗೆದಿಟ್ಟಿದ್ದೇನೆ. ಕೊಕ್ಕೆಲ್ಲಿ ಅಂತ ಕೇಳೇ ಕೇಳುತ್ತಾನೆ, ನೋಡುತ್ತಿರು.

ನಿನ್ನ ದೊಡ್ಡಪ್ಪ