ಮೆಸ್‌ನಲ್ಲಿ ಒಂದು ಮೂಲೆ ಬಿಟ್ಟುಕೊಡಿ

ಮಾನ್ಯರೆ,

ಧಾರವಾಡದ ಹಾಸ್ಟೆಲೊಂದರಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಮಗಳಿಗೆ, ಮೆಸ್‌ನಲ್ಲಿ ಎಲ್ಲರ ಸಾಲಿನಲ್ಲೇ ಕೂತು ಉಣ್ಣಬೇಕೆಂದು ತಾಕೀತಾಗಿದೆ. ತಾಟು ಹಿಡಿದು ಮೂಲೆಗೆ ಹೋದರೆ “ಭಾಳ ಸೊಕ್ಕು ಈಕಿಗೆ” ಎನ್ನುತ್ತಾರಂತೆ. ಹೆತ್ತವನಿಗೆ ಇದು ಸಂಕಟದ ಮಾತು.

ಮಗ್ಗುಲಲ್ಲಿ ಯಾರಾದರೂ ಸಪ್ಪಳ ಮಾಡಿ ಅಗಿದರೆ, ಚಹಾ ಸೊರ್ ಎಂದು ಹೀರಿದರೆ ಆಕೆಯ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಗದಗಿನ ನಮ್ಮ ಮನೆಯಲ್ಲಿ ನಾನು ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟೆನೆಂದರೆ ಆಕೆ ಎತ್ತಿದ ತುತ್ತು ಅಲ್ಲೇ ನಿಲ್ಲುತ್ತದೆ. ಅದೇ ರೊಟ್ಟಿಯನ್ನು ತಾನು ತಿನ್ನುವಾಗ ಏನೂ ಆಗುವುದಿಲ್ಲ. ಗಣಪತಿ ಮೆರವಣಿಗೆಯ ಡಿಜೆ ಸದ್ದಿಗೂ ಈ ಪರಿ ಕಂಗೆಡುವುದಿಲ್ಲ. ಕಿವಿ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿ ಇದೆ.

ಇದಕ್ಕೆ ಮಿಸೋಫೋನಿಯಾ ಎನ್ನುತ್ತಾರೆ. 2017ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸುಖ್‌ಬಿಂದರ್ ಕುಮಾರ್ ಮತ್ತು ಸಂಗಡಿಗರು ಇಂಥವರಿಗೆ ಅಗಿಯುವ, ಉಸಿರಾಡುವ ಸದ್ದು ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಯಾವುದು ಮುಖ್ಯ, ಯಾವುದರ ಕಡೆ ಗಮನ ಹರಿಯಬೇಕು ಎಂಬುದನ್ನು ಗೊತ್ತುಮಾಡುವ ಇನ್ಸುಲಾ ಎಂಬ ಭಾಗ ಅವರಲ್ಲಿ ಬೇರೆಯವರಿಗಿಂತ ಬಹಳ ಜೋರಾಗಿ ಕೆಲಸ ಮಾಡಿತು. ಹೃದಯ ಬಡಿತವೂ ಏರಿತು. 2021ರಲ್ಲಿ ಇದೇ ತಂಡ ಇನ್ನೊಂದು ಸಂಗತಿ ಕಂಡಿತು: ಸದ್ದು ಗ್ರಹಿಸುವ ಭಾಗಕ್ಕೂ ನಮ್ಮ ಬಾಯಿ, ಗಂಟಲು ಆಡಿಸುವ ಭಾಗಕ್ಕೂ ಇವರಲ್ಲಿ ನಂಟು ಹೆಚ್ಚು ಬಿಗಿ. ಎದುರಿನವರ ಬಾಯಿ ಆಡಿದರೆ ತಮ್ಮ ಬಾಯನ್ನೇ ಯಾರೋ ಆಡಿಸಿದಂತಾಗುತ್ತಿರಬಹುದು ಎಂಬುದು ಅವರ ಊಹೆ. ಮಗಳ ಪಾಡು ನೋಡಿದ ನನಗೆ ಇದು ನಿಜವೆನಿಸುತ್ತದೆ. ಇದೇ ಮೂಲ ಕಾರಣವೋ, ವರ್ಷಗಟ್ಟಲೆ ಅನುಭವಿಸಿದ್ದರ ಪರಿಣಾಮವೋ ಎಂಬುದು ವಿಜ್ಞಾನಿಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಬೇಕೆಂದೇ ಮಾಡುವ ಹಟವಲ್ಲ ಎಂಬುದಂತೂ ಸ್ಪಷ್ಟ.

ನಾಡಿನ ಎಲ್ಲ ಕಡೆಯಿಂದ ಮಕ್ಕಳು ಓದಲು ಬರುವ ಊರು ಧಾರವಾಡ. ವಾಚನಾಲಯಗಳಲ್ಲಿ ಪಕ್ಕದವರ ಪೆನ್ನಿನ ಟಿಕ್ ಟಿಕ್‌ಗೆ ಪುಸ್ತಕ ಮುಚ್ಚಿ ಎದ್ದು ಹೋಗುವವರೂ ಇವರಲ್ಲಿ ಇರುತ್ತಾರೆ. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್ ಇರುವುದು ಇದೇ ಊರಲ್ಲಿ. ಅಲ್ಲಿನ ವೈದ್ಯರು ಹಾಸ್ಟೆಲ್ ಮೇಲ್ವಿಚಾರಕರನ್ನು ಕರೆದು ಒಂದು ದಿನ ತಿಳಿಹೇಳಿದರೆ ದೊಡ್ಡ ಉಪಕಾರ. ಓದುವಾಗ ಇಯರ್‌ಪ್ಲಗ್ ಹಾಕಿಕೊಳ್ಳಲು ಯಾರೂ ತಕರಾರು ಮಾಡಬಾರದು. ಮೆಸ್‌ನಲ್ಲಿ ಫ್ಯಾನಿನ ಸದ್ದು ಜೋರಿರುವ ಕಡೆ ಗೋಡೆಗೊಂದು ಕುರ್ಚಿ ಹಾಕಿಕೊಟ್ಟರೂ ಸಾಕು, ನನ್ನ ಮಗಳು ಹೊಟ್ಟೆತುಂಬ ಉಣ್ಣುತ್ತಾಳೆ.

— ಒಬ್ಬ ತಂದೆ, ಗದಗ