ಮಗಳಿಗೊಂದು ಪತ್ರ: ಕಿಂಡಿಯ ಯಾವ ಬದಿ?

ಪುಟ್ಟಿ,

ನೀನು ಏಳೋ ಹೊತ್ತಿಗೆ ನಾನು ಹಾಸನದ ಬಸ್ಸಲ್ಲಿರ್ತೀನಿ. ಅಜ್ಜಿಯ ಕಣ್ಣಿನ ಪೊರೆ ಆಪರೇಷನ್ ನಾಳೆ. ಭಾನುವಾರ ನೀನು ಮಕ್ಕಳನ್ನ ಕೂರಿಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ, ಅದೇ ಒಬ್ಬೊಬ್ಬರೂ ಒಂದು ಪಾತ್ರವಾಗಿ ದಾಳ ಹಾಕ್ತಾ ಕಥೆ ನಡೆಸೋ ಆಟ, ಶುರು ಮಾಡುವಾಗ ನಾನು ಊರಲ್ಲಿರಲ್ಲ. ನಿನ್ನೆ ರಾತ್ರಿಯದನ್ನ ಮತ್ತೆ ಕೆದಕಲ್ಲ. ಆ ಆಟಕ್ಕೆ ನೀನು ಕಥೆ ಬರೆದಿಟ್ಟ ನೋಟ್‌ಬುಕ್ ಕೇಳದೆ ತೆಗೆದದ್ದು ತಪ್ಪು, ಅದರ ಮೇಲೆ ಕೆಂಪು ಪೆನ್ನು ಆಡಿಸಿದ್ದು ಇನ್ನೂ ದೊಡ್ಡ ತಪ್ಪು. ಆದರೆ ನಾಲ್ಕನೇ ಪುಟದ ವಿಷಯದಲ್ಲಿ ಮಾತ್ರ ನನ್ನ ಹಟ ಇಳಿದಿಲ್ಲ. ಅದಕ್ಕೇ ಈ ಕಾಗದ.

ನಾಲ್ಕನೇ ಪುಟ ಅಂದರೆ ಓಬವ್ವನ ಕಿಂಡಿ. ಐದು ಮಕ್ಕಳು ಒಬ್ಬೊಬ್ಬರಾಗಿ ತೆವಳಿಕೊಂಡು ಕೋಟೆ ಒಳಗೆ ಬರ್ತಾರೆ, ಒಳಗೆ ನಾಲ್ಕು ಗಾಬ್ಲಿನ್, ಅಂದರೆ ಕುಳ್ಳ ರಾಕ್ಷಸರು, ಕಾಯ್ತಿರ್ತವೆ. ಚಿತ್ರದುರ್ಗದ ಆ ಕಿಂಡಿಯಲ್ಲಿ ಹೀಗೆ ಒಬ್ಬೊಬ್ಬರಾಗಿ ತಲೆ ತೂರಿಸಿದವರು ಯಾರು ಹೇಳು? ಹೈದರನ ಸೈನಿಕರು. ಅವರ ಗತಿ ಏನಾಯ್ತು ಅಂತ ನಾಲ್ಕನೇ ಕ್ಲಾಸಿನವರೂ ಹೇಳ್ತಾರೆ. ನೀನು ಮಕ್ಕಳನ್ನ ಒನಕೆ ಹಿಡಿದವಳ ಬದಿಯಲ್ಲಿ ನಿಲ್ಲಿಸೋದು ಬಿಟ್ಟು ಏಟು ತಿನ್ನೋರ ಸಾಲಿನಲ್ಲಿ ನಿಲ್ಲಿಸಿದ್ದೀ.

ಲೆಕ್ಕ ಹಾಕಿ ನೋಡು. ಮಕ್ಕಳು ಆಡೋಕೆ ನೀನು ಮಾಡಿರೋ ಮಾಂತ್ರಿಕೆ ಪಾತ್ರಕ್ಕೆ ಜೀವ 7, ರಕ್ಷಣೆ 12, ಅಂದರೆ ಹೊಡೆಯೋರ ಲೆಕ್ಕ 12 ಮುಟ್ಟಿದರೆ ಏಟು ತಾಗುತ್ತೆ. ನೀನು ಗಾಬ್ಲಿನ್ ತಗೊಂಡಿರೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಿಂದ, ಅದು ಹೊಡೆಯುವಾಗ ದಾಳಕ್ಕೆ 4 ಸೇರುತ್ತೆ. ಅಂದರೆ 20 ಮುಖದ ದಾಳದಲ್ಲಿ 8 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಸಾಕು, ನೂರಕ್ಕೆ 65 ಸಲ ತಾಗುತ್ತೆ. ತಾಗಿದರೆ 6 ಮುಖದ ದಾಳ, ಜೊತೆಗೆ 2, ಅಷ್ಟು ಜೀವ ಹೋಗುತ್ತೆ. ದಾಳ 5 ಅಥವಾ 6 ತೋರಿಸಿದರೆ ಒಂದೇ ಏಟಿಗೆ ಅವಳು ನೆಲಕ್ಕೆ. ಎರಡು ಏಟು ತಾಗಿದರಂತೂ ಎರಡರಲ್ಲೂ 1 ಬಿದ್ದರೆ ಮಾತ್ರ ನಿಂತಾಳು. ಮೊದಲು ತಲೆ ತೂರಿಸೋ ಮಗುವಿಗೆ ಹೀಗೆ ನಾಲ್ಕು ಏಟು ಕಾದಿವೆ.

ಬಿದ್ದ ಮೇಲೆ? ನಿಯಮದ ಪ್ರಕಾರ ಪ್ರತಿ ಸರದಿಗೂ ಒಂದು ದಾಳ: 10 ಅಥವಾ ಮೇಲೆ ಮೂರು ಸಲ ಬಿದ್ದರೆ ಉಳೀತಾಳೆ, ಮೂರು ಸಲ ತಪ್ಪಿದರೆ ಸಾಯ್ತಾಳೆ. ಉಳಿದರೂ ಕೂಡಲೇ ಎಚ್ಚರ ಬರಲ್ಲ. ಕಿಂಡಿ ಬರೋದು 15ನೇ ನಿಮಿಷಕ್ಕೆ, ಆಟ 90 ನಿಮಿಷ. ಮಿಕ್ಕ ಒಂದು ಗಂಟೆ ಚಿಲ್ಲರೆ ಆ ಮಗು ಏನು ಮಾಡಬೇಕು? ಬೇರೆಯವರು ಆಡೋದನ್ನ ನೋಡ್ತಾ ಪೆನ್ಸಿಲ್ ಕಚ್ಚಬೇಕು. ಮಕ್ಕಳು ಅಳಲ್ಲ ಪುಟ್ಟಿ, ಸುಮ್ಮನೆ ಎದ್ದು ಹೋಗ್ತಾರೆ. ನಿನ್ನ ಆಟ ಚೆನ್ನಾಗಿಲ್ಲ ಅಂತ ನನಗೆ ಭಯ ಇಲ್ಲ. ಆ ಒಂದು ಖಾಲಿ ಕುರ್ಚಿ ನೋಡಿ ನೀನು ಮತ್ತೆ ಆಟ ಆಡಿಸೋದನ್ನೇ ಬಿಟ್ಟುಬಿಡ್ತೀಯಾ ಅಂತ ಭಯ.

ಈ ಆಟ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಕೈಯಲ್ಲಿ ಬಂದದ್ದು ಮೇಜಿನ ಮೇಲೆ ಪುಟ್ಟ ಸೈನಿಕ ಬೊಂಬೆಗಳನ್ನಿಟ್ಟು ಆಡೋ ಯುದ್ಧದಾಟದಿಂದ. ಅಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದು ದಂಡು, ಒಬ್ಬ ಸೈನಿಕ ಹೋದರೆ ಲೆಕ್ಕಕ್ಕಿಲ್ಲ. ನಿನ್ನ ಮೇಜಿಗೆ ಬರೋ ಮಗುವಿಗೆ ಇರೋದು ಒಬ್ಬಳೇ, ಅವಳಿಗೆ ಹೆಸರಿಟ್ಟು ಹತ್ತು ನಿಮಿಷ ಆಗಿರುತ್ತೆ.

ಪರಿಹಾರ ನಿನ್ನ ಕಥೆಯಲ್ಲೇ ಇದೆ, ಬದಿ ತಿರುಗಿಸು. ಮಕ್ಕಳು ಆಗಲೇ ಒಳಗಿರಲಿ, ಗಾಬ್ಲಿನ್‌ಗಳು ಕಿಂಡಿಯಿಂದ ಬರಲಿ, ಒಂದು ಸುತ್ತಿಗೆ ಒಂದೇ. ಜಾಗ ಇಕ್ಕಟ್ಟು, ಆದ್ದರಿಂದ ಮೋಸ ಅಂತ ಯಾರೂ ಅನ್ನಲ್ಲ. ಗಾಬ್ಲಿನ್ ರಕ್ಷಣೆ 15 ಇದ್ದದ್ದನ್ನ 12 ಮಾಡು, ಜೀವ 7 ಇದ್ದದ್ದನ್ನ 4 ಮಾಡು. ಮಕ್ಕಳ ಏಟು 6 ಮುಖದ ದಾಳ ಜೊತೆಗೆ 3 ಆದರೆ, ದಾಳ 1 ತೋರಿಸಿದರೂ ತಾಗಿದ ಏಟಿಗೆ ಒಂದು ಗಾಬ್ಲಿನ್ ಉರುಳುತ್ತೆ. ಮೂರು ಸುತ್ತು ಆದಮೇಲೆ ಉಳಿದದ್ದು ಓಡಿಹೋಗಲಿ. ಐವರಿಗೂ ಒನಕೆನೇ ಬೇಕು ಅಂತಾರೆ, ಕೊಟ್ಟುಬಿಡು.

ಇಷ್ಟಾದರೂ ಯಾರಾದರೂ ಜೀವ ಸೊನ್ನೆಗೆ ಇಳಿದರೆ ಸಾವು ಅನ್ನಬೇಡ, ಕುಸಿದಳು ಅನ್ನು. ಪಕ್ಕದ ಮಗು ತನ್ನ ಒಂದು ಸರದಿ ಬಿಟ್ಟು ತಣ್ಣೀರುದೋಣಿಯಿಂದ ನೀರು ತಂದು ಕುಡಿಸಿದರೆ ಅರ್ಧ ಜೀವ ವಾಪಸ್. ಬೆಲೆ ಬೇಕೇ ಬೇಕು, ಇಲ್ಲದಿದ್ದರೆ ಸಪ್ಪೆ: ಕುಸಿದವರ ಚೀಲದಿಂದ ಹಗ್ಗವೋ ಪಂಜೋ ಒಂದು ಹೋಗಲಿ.

ಉಳಿದದ್ದಕ್ಕೆ ನಾನು ಇಷ್ಟು ಗೋಳಾಡಲ್ಲ. ಏಳು ಸುತ್ತಿನ ಕೋಟೆ ಅಂತ ಏಳು ಅಧ್ಯಾಯ ಬರೆದಿದ್ದೀಯಲ್ಲ, 90 ನಿಮಿಷಕ್ಕೆ ಮೂರು ಜಾಗ ಸಾಕು: ಕಿಂಡಿ, ಅಕ್ಕತಂಗಿ ಹೊಂಡ, ಹಿಡಿಂಬೇಶ್ವರ ದೇವಸ್ಥಾನ. ಹಿಡಿಂಬಾಸುರನ ಹಲ್ಲು ಕಳುವಾಗಿದೆ ಅಂತ ಶುರು ಮಾಡಿದ್ದೀಯಲ್ಲ, ಅದನ್ನ ಓದಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಆ ಹಲ್ಲು ದೇವಸ್ಥಾನದಲ್ಲಿದೆ ಅನ್ನೋ ಪ್ರತೀತಿಯನ್ನ ಹಿಡಿದು ಕಥೆ ಕಟ್ಟೋದು ನನಗಂತೂ ಹೊಳೀತಿರಲಿಲ್ಲ. ಆದರೆ ಶುರುವಿಗೆ ಅರ್ಧ ಪುಟ ಓದಬೇಡ. ಮೂರು ವಾಕ್ಯ, ಆಮೇಲೆ ಮಕ್ಕಳ ಕೈಗೆ ದಾಳ.

ದಾಳದ ಚೀಲದಲ್ಲಿ ಏಳೂ ಇವೆ. ಹೊರಗೆ ತೆಗೆಯೋದು 20 ಮುಖದ್ದು, 6 ಮುಖದ್ದು, ಎರಡೇ. 4 ಮುಖದ್ದರಲ್ಲಿ ಯಾವ ಅಂಕಿ ಓದಬೇಕು ಅನ್ನೋದೇ ಜಗಳ, 8 ಮತ್ತು 10 ಮುಖದ್ದು ಅದಲುಬದಲಾಗ್ತವೆ. ಅಂಚಿರೋ ಸ್ಟೀಲ್ ತಟ್ಟೆಗೆ ಹಳೇ ಟವಲ್ ಹಾಸು, ಅದರೊಳಗೇ ಹಾಕಲಿ. ಇಲ್ಲದಿದ್ದರೆ ಅರ್ಧ ಹೊತ್ತು ಸೋಫಾ ಕೆಳಗೇ.

ಪಾತ್ರದ ವಿವರಕ್ಕೆ ನಾಲ್ಕು ಪುಟದ ಕ್ಯಾರೆಕ್ಟರ್ ಶೀಟ್ ಬೇಡ. ಅರ್ಧ ಹಾಳೆಯ ಕಾರ್ಡು: ಬಲ, ಚುರುಕು, ಬುದ್ಧಿ ಮೂರಕ್ಕೆ +3, +2, 0. ಒಂದು ವಿಶೇಷ ವಿದ್ಯೆ, ಚೀಲದಲ್ಲಿ ಎರಡು ಸಾಮಾನು, ಹೆಸರಿಗೂ ಚಿತ್ರಕ್ಕೂ ಖಾಲಿ ಜಾಗ. ಐವರಿಗೆ ಏಳು ಕಾರ್ಡು ಮಾಡು, ಆಗ ಕೊನೆಗೆ ಆರಿಸೋ ಮಗುವಿಗೂ ಮೂರು ಉಳಿದಿರುತ್ತೆ. ಏನು ಮಾಡಿದರೂ ಗುರಿ 12. ಚೆನ್ನಾಗಿ ಬರೋ ಕೆಲಸಕ್ಕೆ +3 ಇದ್ದರೆ 9 ಬಿದ್ದರೆ ಸಾಕು, ನೂರಕ್ಕೆ 60. ಸೋತರೆ ಕಥೆ ನಿಂತುಹೋಗೋ ಕಡೆ ದಾಳ ಕೇಳಲೇಬೇಡ. ದೇವಸ್ಥಾನದ ಬಾಗಿಲು ತೆಗೆಯಲೇಬೇಕು ಅಂದರೆ ದಾಳ ಸೋತಾಗಲೂ ತೆಗೆಯಲಿ, ಕಿರ್ ಅಂತ ಸದ್ದಾಗಿ ಕಾವಲಿನವ ಏಳಲಿ.

ಯಾರ ಸರದಿ ಮೊದಲು ಅನ್ನೋದಕ್ಕೆ ದಾಳ ಬೇಡ, ಕೂತ ಸಾಲಿನಲ್ಲೇ ಹೋಗು. ಗಲಾಟೆ ಮಾಡೋನ ಕೈಗೆ ನಕ್ಷೆ ಬರೆಯೋ ಕೆಲಸ ಕೊಡು. ಮಾತಾಡದ ಮಗುವಿಗೆ 'ಏನ್ ಮಾಡ್ತೀಯಾ' ಅಂದರೆ ಬಾಯಿ ಇನ್ನೂ ಮುಚ್ಚುತ್ತೆ. 'ಬಾಗಿಲು ತಳ್ತೀಯಾ, ಬಿರುಕಲ್ಲಿ ಇಣುಕ್ತೀಯಾ' ಅಂತ ಎರಡು ಕೊಡು, ಹತ್ತು ಎಣಿಸೋವರೆಗೆ ಕಾಯಿ. ಒಬ್ಬರಿಗೊಬ್ಬರು ಹೊಡೆಯೋ ಹಾಗಿಲ್ಲ, ಕದಿಯೋ ಹಾಗಿಲ್ಲ ಅಂತ ಮೊದಲೇ ಹೇಳು. ಕತ್ತಲು, ಹಾವು, ಜೇಡ, ಯಾವುದಕ್ಕೆ ಯಾರು ಹೆದರ್ತಾರೆ ಅಂತ ಅಮ್ಮಂದಿರನ್ನ ಶನಿವಾರವೇ ಕೇಳು. ಯಾರು ಅಂಗೈ ಎತ್ತಿದರೂ ಆ ವಿಷಯ ಅಲ್ಲಿಗೇ ಬಿಡಬೇಕು, ಕಾರಣ ಕೇಳಬಾರದು.

ನೋಡು, ಬೇಡ ಅಂದುಕೊಂಡರೂ ಪಾಠ ಮಾಡಿದೆ. ಆರನೇ ಪುಟದ ಹೊಂಡದ ಒಗಟಿಗೆ ನಾನು ಕೈ ಹಾಕಿಲ್ಲ, ಅದು ಇದ್ದ ಹಾಗೇ ಇರಲಿ. ಮತ್ತೆ ಕಿಂಡಿಗೇ ಬರ್ತೀನಿ: ನನ್ನ ಲೆಕ್ಕ ನಂಬಬೇಡ. ಶನಿವಾರ ರಾತ್ರಿ ಒಬ್ಬಳೇ ಕೂತು ಆ ಜಗಳವನ್ನ ಮೂರು ಸಲ ದಾಳ ಹಾಕಿ ಆಡಿ ನೋಡು, ಮೊದಲು ನೀನು ಬರೆದ ಹಾಗೆ, ಆಮೇಲೆ ಬದಿ ತಿರುಗಿಸಿ. ನಿನ್ನದೇ ಸರಿ ಅನ್ನಿಸಿದರೆ ಹಾಗೇ ಆಡಿಸು, ನಾನು ಫೋನಲ್ಲಿ ಕೇಳಲ್ಲ. ಕೇಳ್ತೀನಿ, ಆದರೆ ರಾತ್ರಿ ಒಂಬತ್ತಾದ ಮೇಲೆ.

ಕೋಡುಬಳೆ ನೀಲಿ ಡಬ್ಬಿಯಲ್ಲಿದೆ. 45 ನಿಮಿಷಕ್ಕೆ ಆಟ ನಿಲ್ಲಿಸಿ ಕೊಡು, ನಡುವೆ ಬೇಡ, ಎಣ್ಣೆ ಕೈಯಲ್ಲಿ ಕಾರ್ಡು ಹಾಳಾಗ್ತವೆ. ಕೆಂಪು ಪೆನ್ನು ನಾನೇ ತಗೊಂಡು ಹೋಗ್ತಿದ್ದೀನಿ.

ಅಮ್ಮ